ಓದುಗರ ಪ್ರಶ್ನೆ: ಹೊಲವನ್ನು ಸೋಲಾರ್‌ಗೆ ಕೊಡೋಣವೇ?

ಪ್ರಶ್ನೆ: ನಮಗೆ 6 ಎಕರೆ ಖುಷ್ಕಿ ಹೊಲ ಇದೆ. ಕಡಲೆಕಾಯಿ ಹಾಕುತ್ತೇವೆ, ಒಂದು ವರ್ಷ ಕೈಗೆ ಹತ್ತಿದರೆ ಎರಡು ವರ್ಷ ಇಲ್ಲ. ಸೋಲಾರ್ ಕಂಪನಿಗೆ ಗುತ್ತಿಗೆ ಕೊಡಿ ಅಂತ ಒಬ್ಬರು ಮನೆಗೆ ಬಂದು ಹೋಗುತ್ತಿದ್ದಾರೆ. ಪ್ಯಾನೆಲ್ ಬಂದರೆ ಮಳೆ ನಿಲ್ಲುತ್ತದೆ, ಬೇಡ ಅಂತ ಅಪ್ಪ ಹೇಳುತ್ತಾರೆ. ಏನು ಮಾಡೋಣ?
ಓದುಗರು, ಮಧುಗಿರಿ ತಾಲ್ಲೂಕು

ಉತ್ತರ: ಮೊದಲು ಅಪ್ಪನ ಮಾತು. ಪ್ಯಾನೆಲ್‌ನಿಂದ ಮಳೆ ನಿಲ್ಲುವುದಿಲ್ಲ. ನಮ್ಮ ಕಡೆಗೆ ಮೋಡ ಬರುವುದು ಸಮುದ್ರದ ಕಡೆಯಿಂದ, ಮತ್ತೆ ಪಾವಗಡ, ಮಧುಗಿರಿ ಸೀಮೆಗೆ ಬರ ಸೋಲಾರ್ ಬರುವುದಕ್ಕೆ ಎಷ್ಟೋ ಮೊದಲೇ ಗೊತ್ತಿತ್ತು. ಆದರೆ ಅವರ ಹೆದರಿಕೆಯನ್ನು ಸುಮ್ನೆ ತಳ್ಳಿಹಾಕಬೇಡಿ. ಪ್ಯಾನೆಲ್ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಸುಮಾರು ಐದನೇ ಒಂದು ಪಾಲನ್ನು ಮಾತ್ರ ಕರೆಂಟ್ ಮಾಡುತ್ತದೆ, ಉಳಿದದ್ದು ಹೆಚ್ಚುಕಡಿಮೆ ಶಾಖವೇ. ಸಾಲುಗಳ ನಡುವೆ ನಿಂತರೆ ಧಗೆ ಚೆನ್ನಾಗಿಯೇ ಗೊತ್ತಾಗುತ್ತದೆ.

ಇನ್ನು ಗುತ್ತಿಗೆಯ ವಿಷಯ. ಅದಕ್ಕೆ ನಿಮ್ಮ ಪಕ್ಕದ ಪಾವಗಡವನ್ನೇ ನೋಡಿ. ಅಲ್ಲಿ ತಿರುಮಣಿ, ವಳ್ಳೂರು, ಬಾಲಸಮುದ್ರ, ರಾಯಚರ್ಲು, ಕ್ಯಾತಗಾನಚೆರ್ಲು, ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. 2018ರಲ್ಲಿ ಶುರುವಾಗಿ 2019ರ ಕೊನೆಗೆ ಪೂರ್ತಿಯಾಯಿತು. ಅಲ್ಲಿ ನನಗೆ ಬಹಳ ಹಿಡಿಸಿದ್ದು ಒಂದೇ, ಜಮೀನನ್ನು ರೈತರಿಂದ ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ, 28 ವರ್ಷದ ಕರಾರು. ಬೆಳೆ ಒಣಗಿ ಬೆಂಗಳೂರಿಗೆ ಕೂಲಿಗೆ ಹೋಗುವ ಸೀಮೆಯಲ್ಲಿ ವರ್ಷವರ್ಷ ಬರುವ ದುಡ್ಡು ಸಣ್ಣದಲ್ಲ.

ಆದರೂ ಒಂದು ಲೆಕ್ಕ ಹಾಕಿ ನೋಡಿ. ಎರಡು ವರ್ಷಕ್ಕೆ ಶೇ. 5 ಅಂದರೆ ವರ್ಷಕ್ಕೆ ಶೇ. 2.5 ಮಾತ್ರ. ಹೀಗೇ ಏರುತ್ತಾ ಹೋದರೆ 27ನೇ ವರ್ಷಕ್ಕೆ ಎಕರೆಗೆ 39,600ರ ಹತ್ತಿರ ಬರುತ್ತದೆ. ಇಪ್ಪತ್ತೇಳು ವರ್ಷದ ಹಿಂದೆ ಅಕ್ಕಿಗೆ ಎಷ್ಟಿತ್ತು, ಈಗ ಎಷ್ಟಿದೆ ಅಂತ ಅಪ್ಪನನ್ನೇ ಕೇಳಿ! ಹಾಗಾಗಿ ಮೊದಲ ವರ್ಷದ ಮೊತ್ತಕ್ಕಿಂತ ಏರಿಕೆಯ ಮೇಲೆ ಜಾಸ್ತಿ ಚೌಕಾಸಿ ಮಾಡಿ, ಪ್ರತಿ ವರ್ಷ ಏರಬೇಕು ಅಂತ ಪಟ್ಟು ಹಿಡಿಯಿರಿ.

ಕಾಗದ ಪತ್ರ ನೋಡಿಕೊಳ್ಳಿ. ಪಹಣಿ ಇನ್ನೂ ತಾತನ ಹೆಸರಲ್ಲಿದ್ದರೆ ಪೌತಿ ಖಾತೆ ಮಾಡಿಸಿ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ), ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಎಲ್ಲರ ಸಹಿ ಇರಲಿ, ಪೋಡಿ (ಅಳತೆ ಮಾಡಿ ಪಾಲನ್ನು ಬೇರೆ ಮಾಡುವುದು) ಆಗಿಲ್ಲದಿದ್ದರೆ ಅದನ್ನೂ ಮುಗಿಸಿ. ಕರಾರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು, ಬರೀ ಬಾಂಡ್ ಪೇಪರ್ ಮೇಲೆ ಸಹಿ ಹಾಕಿ ಕಳಿಸಬೇಡಿ. ನಿಮ್ಮ ಜಮೀನನ್ನು ಅಡ ಇಟ್ಟು ಕಂಪನಿ ಸಾಲ ತೆಗೆಯುವಂತಿಲ್ಲ ಎಂದು ಬರೆಸಿ. ಅವಧಿ ಮುಗಿದ ಮೇಲೆ ನೆಲದಲ್ಲಿ ಹೂತ ಕಂಬ, ಕಾಂಕ್ರೀಟ್, ಕೇಬಲ್ ಎಲ್ಲವನ್ನೂ ಕಿತ್ತು ಉಳುವ ಹಾಗೆ ಮಾಡಿಕೊಡುವ ಖರ್ಚು ಅವರದೇ ಅಂತಲೂ ಬರೆಸಿ. ಇದನ್ನು ಈಗ ಬರೆಸದಿದ್ದರೆ ಆ ಹೊರೆ ನಿಮ್ಮ ಮಕ್ಕಳ ತಲೆಗೆ ಬರುತ್ತದೆ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಗುತ್ತಿಗೆ ಹಣ ಬರುವುದು ಜಮೀನು ಇರುವವರಿಗೆ. ನಿಮ್ಮ ಹೊಲದಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಬದುಕುವ ಹೆಂಗಸರಿಗೆ, ಕುರಿ ಮೇಯಿಸುವವರಿಗೆ ಬೇಲಿ ಬಿದ್ದ ದಿನವೇ ಕೆಲಸ ಹೋಗುತ್ತದೆ. ಹುಲ್ಲು ಕೀಳುವುದು, ಪ್ಯಾನೆಲ್ ತೊಳೆಯುವುದು, ಕಾವಲು, ಇವು ಊರಿನವರಿಗೇ ಸಿಗಬೇಕು ಅಂತ ಜಮೀನು ಕೊಡುವವರೆಲ್ಲ ಸೇರಿ ಕೇಳಿ. ಸಹಿ ಹಾಕುವ ಮೊದಲು ಮಾತ್ರ ನಿಮ್ಮ ಮಾತಿಗೆ ಬೆಲೆ ಇರುತ್ತದೆ.

ಪ್ರಶ್ನೆ: ಬಿಸಿಲು ಹೆಚ್ಚಾದಷ್ಟೂ ಕರೆಂಟ್ ಜಾಸ್ತಿ ಬರುತ್ತದೆ ಅಲ್ವಾ? ಏಪ್ರಿಲ್ ಮಧ್ಯಾಹ್ನ ಅಂದುಕೊಂಡಷ್ಟು ಬರುವುದಿಲ್ಲ ಅಂತ ಪ್ಲಾಂಟ್‌ನಲ್ಲಿ ಕೆಲಸ ಮಾಡುವ ಗೆಳೆಯ ಹೇಳಿದ.
ಐಟಿಐ ವಿದ್ಯಾರ್ಥಿ, ಶಿಡ್ಲಘಟ್ಟ

ಉತ್ತರ: ಗೆಳೆಯ ಹೇಳಿದ್ದು ಸರಿ. ಪ್ಯಾನೆಲ್‌ಗೆ ಬೇಕಾದದ್ದು ಬೆಳಕು, ಬಿಸಿ ಅಲ್ಲ. ಪ್ಯಾನೆಲ್ ಹಿಂದೆ ಬರೆದಿರುವ ವ್ಯಾಟ್ 25 ಡಿಗ್ರಿಯ ಲೆಕ್ಕ, ಅದರ ಮೇಲೆ ಒಂದೊಂದು ಡಿಗ್ರಿಗೂ ಸುಮಾರು ಶೇ. 0.4 ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ಪ್ಯಾನೆಲ್ 65 ಡಿಗ್ರಿ ಮುಟ್ಟಿದರೆ ಶೇ. 16ರಷ್ಟು ಅಲ್ಲೇ ಹೋಯಿತು. ಜೊತೆಗೆ ಧೂಳು. ಮಳೆ ಬಿದ್ದು ತೊಳೆದ ಮೇಲೆ ಆಕಾಶ ತಿಳಿಯಾದ ದಿನ ನೋಡಿ, ಮೀಟರ್ ಎಷ್ಟು ಚೆನ್ನಾಗಿ ಓಡುತ್ತದೆ!

ತೊಳೆಯುವ ಕೆಲಸವನ್ನು ಹಗುರವಾಗಿ ನೋಡಬೇಡಿ. 300 ವ್ಯಾಟ್‌ನ ಪ್ಯಾನೆಲ್ ಆದರೆ ಒಂದು ಮೆಗಾವ್ಯಾಟ್‌ಗೆ 3,300ಕ್ಕೂ ಜಾಸ್ತಿ ಬೇಕು. ಪ್ಯಾನೆಲ್‌ಗೆ 2 ಲೀಟರ್ ನೀರು ಅಂತ ಇಟ್ಟುಕೊಂಡರೂ ಒಂದು ಸಲಕ್ಕೆ 6,600 ಲೀಟರ್, ನೀರೇ ಇಲ್ಲದ ಸೀಮೆಯಲ್ಲಿ. ನಮ್ಮ ಬೋರ್‌ವೆಲ್ ನೀರು ಗಡುಸು, ಹಾಗೇ ಬಳಸಿದರೆ ಗಾಜಿನ ಮೇಲೆ ಬಿಳಿ ಕಲೆ ಕೂರುತ್ತದೆ. ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು, ಅದಕ್ಕೇ ಬೆಳಗಿನ ಜಾವವೋ ಸಂಜೆಯೋ ತೊಳೆಯುತ್ತಾರೆ. ನೀರಿಲ್ಲದೆ ಬ್ರಷ್‌ನಿಂದ ಒರೆಸುವ ಯಂತ್ರಗಳಿವೆ, ನಮ್ಮ ಜಿಲ್ಲೆಗಳಿಗೆ ಅದೇ ಸರಿ ಅಂತ ನನ್ನ ಅಭಿಪ್ರಾಯ. ಮಧುಗಿರಿಯವರೂ ಕಂಪನಿಯನ್ನು ಕೇಳಬೇಕು, ತೊಳೆಯುವ ನೀರು ಯಾವ ಬೋರ್‌ನಿಂದ ಅಂತ.

ಪ್ರಶ್ನೆ: ಪಕ್ಕದಲ್ಲೇ ಸೋಲಾರ್ ಪ್ಲಾಂಟ್ ಇದ್ದರೂ ಊರಲ್ಲಿ ಕರೆಂಟ್ ಹೋಗುತ್ತದೆ. ಯಾಕೆ?
ಓದುಗರು, ಬಂಗಾರಪೇಟೆ

ಉತ್ತರ: ದೊಡ್ಡ ಪಾರ್ಕಿನ ಕರೆಂಟ್ ಊರಿನ ಟಿಸಿಗೆ (ಟ್ರಾನ್ಸ್‌ಫಾರ್ಮರ್‌ಗೆ) ನೇರವಾಗಿ ಬರುವುದಿಲ್ಲ. ಇನ್ವರ್ಟರ್‌ನಲ್ಲಿ ಡಿಸಿ ಇದ್ದದ್ದು ಎಸಿ ಆಗಿ, ಹಂತಹಂತವಾಗಿ ವೋಲ್ಟೇಜ್ ಏರಿ ದೊಡ್ಡ ಲೈನ್ ಸೇರುತ್ತದೆ. ಪಾವಗಡದಲ್ಲಿ ಅದು 400 ಕೆವಿವರೆಗೆ (4 ಲಕ್ಷ ವೋಲ್ಟ್) ಹೋಗುತ್ತದೆ. ಜೊತೆಗೆ, ಲೈನ್ ಸತ್ತರೆ ಇನ್ವರ್ಟರ್ ತಾನೇ ನಿಂತುಬಿಡುತ್ತದೆ. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್ ಜೀವಕ್ಕೇ ಅಪಾಯ. ಹಳ್ಳಿಯ ಸಬ್‌ಸ್ಟೇಷನ್ ಪಕ್ಕದಲ್ಲೇ ಚಿಕ್ಕ ಪ್ಲಾಂಟ್ ಹಾಕಿ ಹಗಲಲ್ಲೇ ಪಂಪ್‌ಸೆಟ್‌ಗೆ ಕರೆಂಟ್ ಕೊಡುವುದು ಕೇಂದ್ರ ಸರ್ಕಾರದ ಕುಸುಮ್ ಯೋಜನೆಯ ಉದ್ದೇಶಗಳಲ್ಲಿ ಒಂದು. ನಿಮ್ಮ ತಾಲ್ಲೂಕಿನ ಯಳೇಸಂದ್ರದಲ್ಲೇ ಕೆಪಿಸಿಯ (ಕರ್ನಾಟಕ ವಿದ್ಯುತ್ ನಿಗಮ) 3 ಮೆಗಾವ್ಯಾಟ್ ಪ್ಲಾಂಟ್ ಇದೆಯಲ್ಲ, ಆ ಗಾತ್ರದವು ಊರೂರಿಗೆ ಬಂದರೆ ರಾತ್ರಿ ಎರಡು ಗಂಟೆಗೆ ಎದ್ದು ಹಾವು ಹುಳದ ನಡುವೆ ಮೋಟಾರ್ ಹಾಕಲು ಹೋಗುವುದು ತಪ್ಪುತ್ತದೆ.