ಚಿತ್ರ ಬಿಡಿಸಿಯೇ ಬದುಕಲು ಸಾಧ್ಯವೇ? ಬೆಂಗಳೂರಿನಲ್ಲಿ ಹೊಸ ಕಲಾವಿದರ ಏರಿಳಿತ ಹೇಗಿರುತ್ತದೆ?

ಸಾಧ್ಯ. ಆದರೆ ಮಾರಾಟವೊಂದನ್ನೇ ನೆಚ್ಚಿಕೊಂಡರೆ ಮೊದಲ ಕೆಲವು ವರ್ಷ ಬಹಳ ಕಷ್ಟ, ಏಕೆಂದರೆ ಆದಾಯ ವರ್ಷವಿಡೀ ಸಮನಾಗಿ ಬರುವುದಿಲ್ಲ. ಕರ್ನಾಟಕ ಚಿತ್ರಕಲಾ ಪರಿಷತ್ತು ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಯಲ್ಲಿ ಕಲಾವಿದರು ಕೊಳ್ಳುವವರಿಗೆ ನೇರವಾಗಿ ಮಾರುತ್ತಾರೆ. ಆ ಒಂದು ಭಾನುವಾರ ಕೈತುಂಬ ಹಣ ಬಂದು, ಮಾರ್ಚ್ ಹೊತ್ತಿಗೆ ಒಬ್ಬರೂ ವಿಚಾರಿಸದೇ ಇರಬಹುದು.

ಹೆಚ್ಚಿನವರು ಎಡವುವುದು ಬೆಲೆಯಲ್ಲಿ. ಖಾಸಗಿ ಗ್ಯಾಲರಿಗಳು ಮಾರಿದ ಬೆಲೆಯ ಮೂರನೇ ಒಂದು ಭಾಗದಿಂದ ಅರ್ಧದವರೆಗೂ ಕಮಿಷನ್ ಪಡೆಯುವುದುಂಟು. ಕ್ಯಾನ್ವಾಸ್, ಬಣ್ಣ, ಚೌಕಟ್ಟು, ಸಾಗಾಟದ ಖರ್ಚು ಸಾಮಾನ್ಯವಾಗಿ ನಿಮ್ಮದೇ. ಹಾಗೆಂದು ಗ್ಯಾಲರಿಯಲ್ಲೊಂದು, ಸಂತೆಯಲ್ಲೊಂದು ಬೆಲೆ ಇಡಬೇಡಿ. ಎರಡೂ ಕಡೆ ನೋಡಿದ ಗ್ರಾಹಕ ಮತ್ತೆ ನಿಮ್ಮನ್ನು ನಂಬುವುದಿಲ್ಲ. ಚದರ ಇಂಚಿಗೆ ಇಷ್ಟೆಂದು ದರ ಕಟ್ಟಿಕೊಂಡು, ಮಾರಾಟ ಹೆಚ್ಚಿದಂತೆ ನಿಧಾನವಾಗಿ ಏರಿಸಿ. ಮೈಸೂರು ಶೈಲಿಯಲ್ಲಿ ಬರೆಯುವವರಿಗೆ ಈ ಲೆಕ್ಕ ಸಾಲದು: ಚಿತ್ರದಲ್ಲಿ ಆಭರಣದಂಥ ಭಾಗಗಳನ್ನು ಉಬ್ಬಿಸುವ ಕೆಲಸಕ್ಕೆ ತಗಲುವ ದಿನಗಳನ್ನೂ ಅದರ ಮೇಲೆ ಅಂಟಿಸುವ ಅಪ್ಪಟ ಚಿನ್ನದ ರೇಕಿನ (ತೆಳು ಹಾಳೆಯ) ಆ ಹೊತ್ತಿನ ಬೆಲೆಯನ್ನೂ ಸೇರಿಸಲೇಬೇಕು. ತಮ್ಮ ಶ್ರಮಕ್ಕೆ ಬೆಲೆಯನ್ನೇ ಹಾಕದ ಕಲಾವಿದರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಬರಗಾಲದ ತಿಂಗಳುಗಳಲ್ಲಿ ಮಕ್ಕಳ ವಾರಾಂತ್ಯದ ತರಗತಿ, ಭಾವಚಿತ್ರದ ಆರ್ಡರ್‌ಗಳು ಕೈಹಿಡಿಯುತ್ತವೆ. ಆರ್ಡರ್‌ಗೆ ಅರ್ಧ ಹಣವನ್ನು ಮುಂಗಡವಾಗಿ ಪಡೆಯಿರಿ. ಎಷ್ಟು ಬಾರಿ ತಿದ್ದಿಕೊಡುತ್ತೀರಿ ಎಂಬುದನ್ನು ಮೊದಲೇ ಬರೆದುಕೊಡಿ. ಆದರೆ ವಾರದಲ್ಲಿ ಎರಡು ದಿನವಾದರೂ ಯಾರೂ ಕೇಳದ, ನಿಮಗೇ ಬೇಕೆನಿಸಿದ ಚಿತ್ರಕ್ಕೆ ಮೀಸಲಿಡಿ. ಮುಂದಿನ ಪ್ರದರ್ಶನಕ್ಕೆ ಆಯ್ಕೆ ನಡೆಯುವಾಗ ತೋರಿಸಲು ಬೇಕಾಗುವುದು ಆ ಚಿತ್ರಗಳೇ.