ಪೋಪ್ ಎರಡನೇ ಜೂಲಿಯಸ್ ನಿಜಕ್ಕೂ ಯುದ್ಧಕ್ಕೆ ಹೋಗಿದ್ದರೇ? ಕಲೆಗೆ ಹಣ ಎಲ್ಲಿಂದ ಬಂತು?

ಹೋಗಿದ್ದರು. ಆಗಿನ ಪೋಪ್ ಮಧ್ಯ ಇಟಲಿಯ ದೊಡ್ಡ ಭಾಗಕ್ಕೆ ದೊರೆಯೂ ಹೌದು. ತೆರಿಗೆ, ಸೈನ್ಯ, ರಾಯಭಾರಿಗಳು ಎಲ್ಲ ಇದ್ದವು. 1506ರಲ್ಲಿ ಜೂಲಿಯಸ್ ತಾವೇ ದಂಡಿನೊಂದಿಗೆ ಹೋಗಿ ಬೊಲೋನ್ಯಾವನ್ನು ವಶಪಡಿಸಿಕೊಂಡರು. ಶಿಲ್ಪಿ, ಚಿತ್ರಕಾರ ಮೈಕೆಲೆಂಜೆಲೊ ಕೈಯಲ್ಲಿ ತಮ್ಮ ಭಾರಿ ಕಂಚಿನ ಪ್ರತಿಮೆ ಮಾಡಿಸಿ ಅಲ್ಲಿನ ಚರ್ಚಿನ ಬಾಗಿಲ ಮೇಲೆ ಕೂರಿಸಿದರು. 1511ರಲ್ಲಿ ಊರು ಕೈತಪ್ಪಿದಾಗ ಪ್ರತಿಮೆ ನೆಲಕ್ಕುರುಳಿತು. ಫೆರಾರಾದ ಡ್ಯೂಕ್ ಅದರ ಕಂಚಿನಿಂದ ಫಿರಂಗಿ ಎರಕ ಹೊಯ್ಯಿಸಿ 'ಜೂಲಿಯಾ' ಎಂದು ಹೆಸರಿಟ್ಟ. ಆ ಪ್ರತಿಮೆ ಅಧಿಕಾರದ ಗುರುತು ಎಂದು ಎರಡೂ ಕಡೆಯವರು ಬಲ್ಲವರಾಗಿದ್ದರು.

ವ್ಯಾಟಿಕನ್‌ನ ಸಿಸ್ಟೀನ್ ಚಾಪೆಲ್ ಚಾವಣಿಗೆ ಮೈಕೆಲೆಂಜೆಲೊ ಬರೆದ ಚಿತ್ರಗಳೂ (1508–12) ಇದೇ ಯುದ್ಧಗಳ ನಡುವೆ ಆದವು. 1510ರಲ್ಲಿ ಪೋಪ್ ದಂಡಯಾತ್ರೆಗೆ ಹೊರಟಾಗ ಹಣ ನಿಂತು ಕೆಲಸವೂ ನಿಂತಿತು.

ಹಣದ ಮೂಲ ತೆರಿಗೆ, ಹುದ್ದೆಗಳ ಮಾರಾಟ ಮತ್ತು ಪಾಪವಿಮೋಚನಾ ಪತ್ರಗಳು (ಪಾಪದ ಶಿಕ್ಷೆ ಕಡಿಮೆಯಾಗುತ್ತದೆಂದು ಚರ್ಚು ಹಣಕ್ಕೆ ಕೊಡುತ್ತಿದ್ದ ಪತ್ರಗಳು). ರೋಮಿನ ಸಂತ ಪೀಟರ್ ಬಸಿಲಿಕಾ ಎಂಬ ದೊಡ್ಡ ಚರ್ಚಿನ ನಿರ್ಮಾಣಕ್ಕಾಗಿ ಮುಂದಿನ ಪೋಪ್ ಹತ್ತನೇ ಲಿಯೋ ಈ ಪತ್ರಗಳ ಮಾರಾಟವನ್ನು ಜರ್ಮನಿಯಲ್ಲಿ ವಿಸ್ತರಿಸಿದ್ದೇ 1517ರಲ್ಲಿ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್‌ನನ್ನು ಕೆರಳಿಸಿತು.