ಡಿಎಸ್‌ಎಲ್‌ಆರ್ ಬೇಕು ಅನ್ನುವವರು ಮೊದಲು ಎರಡನೇ ಲೆನ್ಸ್ ಯಾವುದು ಅಂತ ಹೇಳಿ

ಕ್ಯಾಮೆರಾ ರಿಪೇರಿ ಮಾಡುವುದು, ಫೋಟೊ ತೆಗೆಯುವುದನ್ನು ಕಲಿಸುವುದು, ಎರಡೂ ನನ್ನ ಕೆಲಸ. ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ: ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಾಯಿಸಬಹುದಾದ ಕ್ಯಾಮೆರಾ) ತಗೊಳ್ಳಲಾ, ಕಾಂಪ್ಯಾಕ್ಟ್ (ಲೆನ್ಸ್ ಬಿಚ್ಚಲಾಗದ ಪುಟ್ಟ ಕ್ಯಾಮೆರಾ) ತಗೊಳ್ಳಲಾ? ಮಾತು ಬೇರೆ ಬೇರೆ, ಒಳಗಿನ ಗೊಂದಲ ಒಂದೇ. ಹಿಂದೆ ಎರಡು ಸಲ ಚಿಕ್ಕದಾಗಿ ಉತ್ತರ ಕೊಟ್ಟೆ, ಸಾಲಲಿಲ್ಲ, ಮತ್ತೆ ಅದೇ ಬರುತ್ತಿದೆ. ಅದಕ್ಕೆ ಈ ಸಲ ಹೆಚ್ಚಿನ ಜಾಗ ಅದಕ್ಕೇ, ಉಳಿದವಕ್ಕೆ ಒಂದೆರಡು ಸಾಲು. ಅಪರ್ಚರ್, ಶಟರ್, ಐಎಸ್‌ಒ ಅಂದರೆ ಏನು ಅಂತ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಕ್ಯಾಮೆರಾ ಕೊಳ್ಳಲು ಹೊರಟವರು ಅಷ್ಟಾದರೂ ಓದಿಕೊಂಡಿರಬೇಕು.

ಪ್ರಶ್ನೆ: ಇಷ್ಟು ದಿನ ಫೋನಿನಲ್ಲೇ ಫೋಟೊ ತೆಗೆಯುತ್ತಿದ್ದೆ. ಈಗ ಒಳ್ಳೆಯ ಕ್ಯಾಮೆರಾ ಬೇಕು. ಮಗಳಿಗೆ ಐದು ವರ್ಷ. ಅವಳ ಆಟ, ಪ್ರವಾಸ, ಮನೆಯೊಳಗಿನ ಸಂಜೆಗಳು, ಇಷ್ಟೇ ನಾನು ತೆಗೆಯುವುದು. ಒಂದೇ ಸಲ ಅಡ್ವಾನ್ಸ್ಡ್ ಡಿಎಸ್‌ಎಲ್‌ಆರ್ ತಗೊಂಡುಬಿಡು, ಮುಂದೆ ಬದಲಾಯಿಸುವ ತಾಪತ್ರಯ ಇರಲ್ಲ ಅಂತ ಗೆಳೆಯರು ಹೇಳುತ್ತಾರೆ. ಜೇಬಿಗೆ ಹೋಗುವ ಕಾಂಪ್ಯಾಕ್ಟ್ ಸಾಕು ಅಂತಾಳೆ ಹೆಂಡತಿ. ಯಾವುದು ಸರಿ ಸರ್?

ಉತ್ತರ: ಗೆಳೆಯರ ಮಾತು ತಪ್ಪು. ನಿಮ್ಮ ಮನೆಯವರ ಮಾತು ಅರ್ಧ ಸರಿ. ಯಾಕೆ ಅರ್ಧ ಅನ್ನುವುದು ಆಮೇಲೆ, ಮೊದಲು ನನ್ನ ಮೇಜಿನ ಮೇಲೆ ಬಂದ ಒಂದು ಕ್ಯಾಮೆರಾದ ವಿಷಯ ಕೇಳಿ.

ಒಬ್ಬರು ನಾಲ್ಕು ವರ್ಷ ಹಳೆಯ ಡಿಎಸ್‌ಎಲ್‌ಆರ್ ತಂದರು. ಫೋಟೊ ಎಲ್ಲ ಮಂಕಾಗಿ ಬರುತ್ತಿದೆ, ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಚಿಪ್) ಹೋಗಿರಬೇಕು ಅಂದರು. ಲೆನ್ಸ್ ಬಿಚ್ಚಲು ಗುಂಡಿ ಒತ್ತಿ ತಿರುಗಿಸಿದೆ. ಹೊಸ ಡಬ್ಬಿಯ ಮುಚ್ಚಳದ ಹಾಗೆ ಬಿಗಿಯಾಗಿತ್ತು. ಬಿಚ್ಚಿ ನೋಡಿದರೆ ಮೌಂಟಿನ, ಅಂದರೆ ಬಾಡಿಗೆ ಲೆನ್ಸ್ ಕೂರುವ ಜಾಗದ, ಲೋಹದ ಬಳೆಯ ಮೇಲೆ ಒಂದು ಗೀರೂ ಇಲ್ಲ. ನಾಲ್ಕು ವರ್ಷದಲ್ಲಿ ಆ ಲೆನ್ಸ್ ಹೊರಗೇ ಬಂದಿರಲಿಲ್ಲ. ಮೋಡ್ ಡಯಲ್, ಎಲ್ಲವನ್ನೂ ಕ್ಯಾಮೆರಾಗೇ ಬಿಡುವ ಹಸಿರು ಆಟೊದಲ್ಲಿ ನಿಂತಿತ್ತು. ಶಟರ್ ಸಾವಿರದ ನೂರು ಸಲ ಬಡಿದಿತ್ತು, ಅಂಥ ಶಟರ್‌ಗಳನ್ನು ಲಕ್ಷ ಸಲ ಬಡಿಯಲಿ ಅಂತ ಮಾಡಿರುತ್ತಾರೆ. ಲೆನ್ಸಿನ ಮುಂದಿನ ಗಾಜನ್ನು ದೀಪಕ್ಕೆ ಓರೆಯಾಗಿ ಹಿಡಿದೆ. ನಟ್ಟನಡುವೆ ಒಂದು ಹೆಬ್ಬೆರಳ ಗುರುತು, ಗೆರೆಗಳು ಎಣಿಸುವಷ್ಟು ಸ್ಪಷ್ಟ. ಒರೆಸಿ ಕೊಟ್ಟೆ. ಮಂಕು ಹೋಯಿತು.

ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಅದನ್ನು ಮಾರಿದವರ ಮೇಲಿದೆ. ಆ ಮನುಷ್ಯ ಕೊಂಡದ್ದು ಲೆನ್ಸ್ ಬದಲಾಯಿಸುವ ಕ್ಯಾಮೆರಾ, ಬೇಕಾಗಿದ್ದದ್ದು ಲೆನ್ಸ್ ಬದಲಾಯಿಸದ ಕ್ಯಾಮೆರಾ. ಈ ವ್ಯತ್ಯಾಸವನ್ನು ಯಾರೂ ಅವರಿಗೆ ಹೇಳಲೇ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ಸಂಜೆ, ಮನೆಯೊಳಗೆ, ಒಂದೇ ದೃಶ್ಯ. ಫ್ರೇಮಿನೊಳಗೆ ಬೀಳುವ ಜಾಗವೂ ಎರಡು ಕ್ಯಾಮೆರಾದಲ್ಲಿ ಒಂದೇ ಅಂದುಕೊಳ್ಳಿ. ಆಗ ಯಾವುದಕ್ಕೆ ಜಾಸ್ತಿ ಬೆಳಕು ಸಿಗುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಲೆನ್ಸಿನ ಒಳಗಿನ ಕಿಂಡಿಯ ನಿಜವಾದ ಅಗಲ. ಅದನ್ನು ತಿಳಿಯಲು ಫೋಕಲ್ ಲೆಂತನ್ನು (ಲೆನ್ಸಿನ ಮೇಲೆ ಬರೆದಿರುವ ಮಿ.ಮೀ. ಸಂಖ್ಯೆ) ಎಫ್ ನಂಬರಿನಿಂದ ಭಾಗಿಸಿದರೆ ಆಯಿತು. ಡಿಎಸ್‌ಎಲ್‌ಆರ್ ಜೊತೆ ಬರುವ 18-55 ಕಿಟ್ ಲೆನ್ಸ್, 18 ಮಿ.ಮೀ.ನಲ್ಲಿ ಎಫ್ 3.5. ಕಿಂಡಿಯ ಅಗಲ ಸುಮಾರು 5.1 ಮಿ.ಮೀ. ಇನ್ನು 2012ರಲ್ಲಿ ಬಂದ ಸೋನಿ ಆರ್‌ಎಕ್ಸ್100 ತಗೊಳ್ಳಿ. ಬ್ಯಾಟರಿ ಸೇರಿ 240 ಗ್ರಾಂ ತೂಗುವ ಜೇಬಿನ ಕ್ಯಾಮೆರಾ. ಅದರ ಲೆನ್ಸ್ 10.4 ಮಿ.ಮೀ.ನಲ್ಲಿ ಎಫ್ 1.8. ಕಿಂಡಿ ಸುಮಾರು 5.8 ಮಿ.ಮೀ. ಎರಡಕ್ಕೂ ಕಾಣುವ ಜಾಗ ಹೆಚ್ಚು ಕಡಿಮೆ ಒಂದೇ. ಅಂದರೆ ವೈಡ್ ತುದಿಯಲ್ಲಿ (ಜೂಮ್ ಮಾಡದೆ ಇದ್ದಾಗ), ಆ ಸಂಜೆಯ ಬೆಳಕಿನಲ್ಲಿ, ಜೇಬಿನ ಕ್ಯಾಮೆರಾ ಕಿಟ್ ಲೆನ್ಸಿನ ಡಿಎಸ್‌ಎಲ್‌ಆರ್‌ಗಿಂತ ಹಿಂದೆ ಬೀಳುವುದಿಲ್ಲ. ಡಿಎಸ್‌ಎಲ್‌ಆರ್‌ನ ಸೆನ್ಸರ್ ಮೂರು ಪಟ್ಟು ದೊಡ್ಡದು, ನಿಜ. ಆದರೆ ಅದರ ಮುಂದೆ ಕೂತಿರುವ ಲೆನ್ಸ್ ಅಷ್ಟು ಬೆಳಕನ್ನು ಒಳಗೆ ಬಿಡುವುದೇ ಇಲ್ಲ, ದೊಡ್ಡ ಹಂಡೆ ಇಟ್ಟು ಸಣ್ಣ ನಲ್ಲಿ ತಿರುಗಿಸಿದ ಹಾಗೆ.

ಜೂಮ್ ಮಾಡಿದಾಗ ಡಿಎಸ್‌ಎಲ್‌ಆರ್ ಮುಂದೆ ಹೋಗುತ್ತದೆ. ಕಿಟ್ ಲೆನ್ಸಿನ 55 ಮಿ.ಮೀ. ತುದಿಯಲ್ಲಿ ಕಿಂಡಿ ಸುಮಾರು 9.8 ಮಿ.ಮೀ., ಆರ್‌ಎಕ್ಸ್100ರ ತುದಿಯಲ್ಲಿ ಸುಮಾರು 7.6. ವ್ಯತ್ಯಾಸ ಇದೆ, ಆದರೆ ಅದಕ್ಕಾಗಿ ಆ ಭಾರ ಹೊರಬೇಕಾ ಅನ್ನುವುದು ನನ್ನ ಪ್ರಶ್ನೆ.

ಅದೇ ಡಿಎಸ್‌ಎಲ್‌ಆರ್‌ಗೆ ಸಾದಾ 50 ಮಿ.ಮೀ. ಎಫ್ 1.8 ಲೆನ್ಸ್ ಹಾಕಿ. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದು, ಜೂಮ್ ಇಲ್ಲ. ಕಿಂಡಿ 28 ಮಿ.ಮೀ. ಹತ್ತಿರ! ಕಿಟ್ ಲೆನ್ಸಿನ ತುದಿಯ ಎಂಟು ಪಟ್ಟು ಬೆಳಕು. ಮೊದಲು ಶಟರ್ 1/15 ಸೆಕೆಂಡ್ ತೆರೆದಿರಬೇಕಾಗಿದ್ದ ಕಡೆ ಈಗ 1/125 ಸಾಕು. 1/15ರಲ್ಲಿ ನಿಮ್ಮ ಮಗಳು ತಲೆ ತಿರುಗಿಸಿದರೆ ಮುಖ ಮಬ್ಬು. 1/125ರಲ್ಲಿ ಕಣ್ಣಿನ ರೆಪ್ಪೆ ಕಾಣುತ್ತದೆ. ಡಿಎಸ್‌ಎಲ್‌ಆರ್‌ನ ಬೆಲೆ ಇರುವುದು ಇಲ್ಲಿ, ಬಾಡಿಯಲ್ಲಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದಲ್ಲಿ) ಅಲ್ಲ. ನಾನು ಕಲಿಸಿದವರ ಮುಖ ಅರಳಿದ್ದನ್ನು ಅತಿ ಹೆಚ್ಚು ನೋಡಿರುವುದು ಈ ಲೆನ್ಸ್ ಹಾಕಿದ ದಿನವೇ.

ಆದ್ದರಿಂದ ನಿಮಗೆ ನನ್ನ ಪ್ರಶ್ನೆ ಒಂದೇ. ಎರಡನೇ ಲೆನ್ಸ್ ಯಾವುದು ತಗೊಳ್ಳುತ್ತೀರಿ? ಯಾವುದಕ್ಕೆ? "ಮುಂದೆ ನೋಡೋಣ" ಅನ್ನುವುದು ಉತ್ತರ ಅಲ್ಲ. ಮುಂದೆ ನೋಡಿದವರ ಕ್ಯಾಮೆರಾಗಳೇ ನನ್ನ ಮೇಜಿಗೆ ಬರುವುದು.

ಉತ್ತರ ಇದ್ದರೆ ಡಿಎಸ್‌ಎಲ್‌ಆರ್ ತಗೊಳ್ಳಿ, ನಾನೇ ಬೆನ್ನು ತಟ್ಟುತ್ತೇನೆ. ಓಡುವ ಮಗುವಿಗೆ ಅದು ನಿಜಕ್ಕೂ ಒಳ್ಳೆಯದು. ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಕಾಣುವುದು ಕನ್ನಡಿಯಿಂದ ಬಂದ ನೇರ ಬೆಳಕು, ಪರದೆಯ ಚಿತ್ರ ಅಲ್ಲ, ತಡ ಅನ್ನುವುದೇ ಇಲ್ಲ. ಫೋಕಸ್‌ಗೆ ಕನ್ನಡಿಯ ಕೆಳಗೆ ಬೇರೆಯೇ ಸೆನ್ಸರ್ ಇದೆ, ಅದು ಲೆನ್ಸ್ ಯಾವ ಕಡೆಗೆ ಎಷ್ಟು ಸರಿಯಬೇಕು ಅಂತ ಒಂದೇ ನೋಟದಲ್ಲಿ ಅಳೆಯುತ್ತದೆ. ಮೊದಲ ಆರ್‌ಎಕ್ಸ್100 ಹಾಗಲ್ಲ, ಹಿಂದೆ ಮುಂದೆ ಸರಿದು ತಡಕಾಡಿ ಫೋಕಸ್ ಹಿಡಿಯುತ್ತದೆ, ಅಷ್ಟರಲ್ಲಿ ಮಗು ಫ್ರೇಮಿನಿಂದ ಆಚೆ. 2016ರಲ್ಲಿ ಬಂದ ಅದರ ಐದನೇ ಮಾಡೆಲ್ ಈ ವಿಷಯದಲ್ಲಿ ಬಹಳ ಸುಧಾರಿಸಿತು.

ಆದರೆ "ಅಡ್ವಾನ್ಸ್ಡ್" ಬೇಡ. ಆ ಪದದ ಮೇಲೆ ನನಗೆ ತುಂಬಾ ತಕರಾರಿದೆ. ದುಬಾರಿ ಬಾಡಿಯಲ್ಲಿ ಸಿಗುವುದು ಏನು ಅಂತ ಕೇಳಿ: ಎರಡು ಡಯಲ್, ಎರಡು ಕಾರ್ಡ್ ಜಾಗ, ಜಾಸ್ತಿ ಫೋಕಸ್ ಪಾಯಿಂಟ್, ಸೆಕೆಂಡಿಗೆ ಜಾಸ್ತಿ ಫ್ರೇಮ್, ಮಳೆಹನಿ ತಡೆಯುವ ರಬ್ಬರ್. ದಿನಾ ಕ್ಯಾಮೆರಾ ಹಿಡಿದು ದುಡಿಯುವವರಿಗೆ ಇವೆಲ್ಲ ಬೇಕೇ ಬೇಕು. ನಿಮ್ಮ ಮಗಳ ಫೋಟೊ ಇವುಗಳಿಂದ ಚಂದ ಆಗುವುದಿಲ್ಲ. ನಿಕಾನ್ ಡಿ850 ಬಾಡಿಯೇ ಬ್ಯಾಟರಿ, ಕಾರ್ಡ್ ಸೇರಿ 1 ಕಿಲೊ. ಅದಕ್ಕೆ ಒಪ್ಪುವ 24-70 ಎಫ್ 2.8 ಲೆನ್ಸ್ ಇನ್ನೊಂದು ಕಿಲೊ. ಅದನ್ನು ಕುತ್ತಿಗೆಗೆ ಹಾಕಿಕೊಂಡು ಮಗುವನ್ನೂ ಎತ್ತಿಕೊಳ್ಳುತ್ತೀರಾ? ಸಣ್ಣ ಬಾಡಿ ತಗೊಂಡು, ಉಳಿದ ಹಣಕ್ಕೆ 50 ಮಿ.ಮೀ. ಲೆನ್ಸ್ ತಗೊಳ್ಳಿ. ಬಾಡಿ ಹಳತಾಗುತ್ತದೆ, ಲೆನ್ಸ್ ಉಳಿಯುತ್ತದೆ. ನಿಕಾನ್‌ನ ಎಫ್ ಮೌಂಟ್ 1959ರದ್ದು, ಕ್ಯಾನನ್‌ನ ಇಎಫ್ ಮೌಂಟ್ 1987ರದ್ದು. ಆ 1987ರ ಇಎಫ್ ಲೆನ್ಸ್ ಇವತ್ತಿನ ಕ್ಯಾನನ್ ಡಿಎಸ್‌ಎಲ್‌ಆರ್ ಮೇಲೂ ಕೂರುತ್ತದೆ, ಫೋಕಸ್ ಮಾಡುತ್ತದೆ.

ಎರಡನೇ ಲೆನ್ಸ್ ಬೇಡ ಅಂತಾದರೆ, ಕಾಂಪ್ಯಾಕ್ಟ್. ಇಲ್ಲಿ ನಿಮ್ಮ ಮನೆಯವರ ಮಾತು ಯಾಕೆ ಅರ್ಧ ಸರಿ ಅಂತ ಹೇಳಬೇಕು. ಎಲ್ಲ ಕಾಂಪ್ಯಾಕ್ಟೂ ಒಂದೇ ಅಲ್ಲ. ಸಾದಾ ಕಾಂಪ್ಯಾಕ್ಟ್‌ಗಳ ಸೆನ್ಸರ್ 1/2.3 ಇಂಚಿನದು, ಅಂದರೆ ಸುಮಾರು 6.2×4.6 ಮಿ.ಮೀ., ಕಿರುಬೆರಳ ಉಗುರಿಗಿಂತ ಚಿಕ್ಕದು. ಅವುಗಳ ಲೆನ್ಸಿನ ಕಿಂಡಿ ವೈಡ್ ತುದಿಯಲ್ಲಿ ಒಂದೂವರೆ ಮಿ.ಮೀ. ಆಸುಪಾಸು. ಈಗಿನ ಒಳ್ಳೆಯ ಫೋನಿನ ಮುಖ್ಯ ಕ್ಯಾಮೆರಾದ ಕಿಂಡಿ ಅದಕ್ಕಿಂತ ದೊಡ್ಡದು, ಮನೆಯೊಳಗೆ ಫೋನೇ ಗೆಲ್ಲುತ್ತದೆ. ಅಂಥ ಕ್ಯಾಮೆರಾ ಕೊಂಡರೆ ಸುಮ್ನೆ ದುಡ್ಡು ದಂಡ. ನೀವು ಕೇಳಬೇಕಾದ್ದು "ಒಂದು ಇಂಚಿನ ಸೆನ್ಸರ್" ಇರುವುದು. ಹೆಸರು ಮಾತ್ರ ಒಂದು ಇಂಚು, ಅಳತೆ 13.2×8.8 ಮಿ.ಮೀ. ಹಳೆಯ ವಿಡಿಯೊ ಕ್ಯಾಮೆರಾ ಟ್ಯೂಬುಗಳ ಹೊರಗಿನ ಅಗಲದಿಂದ ಬಂದ ಹೆಸರು ಅದು, ಇಂದಿಗೂ ಜನರನ್ನು ದಾರಿ ತಪ್ಪಿಸುತ್ತಿದೆ. ಆದರೂ ಸಾದಾ ಕಾಂಪ್ಯಾಕ್ಟಿನ ನಾಲ್ಕು ಪಟ್ಟು ವಿಸ್ತೀರ್ಣ. ಜೂಮ್ ಬೇಡವೇ ಬೇಡ ಅನ್ನುವವರಿಗೆ 2019ರ ರಿಕೋ ಜಿಆರ್ 3 ಇದೆ, 257 ಗ್ರಾಂ ತೂಕದಲ್ಲಿ ಸಾಮಾನ್ಯ ಡಿಎಸ್‌ಎಲ್‌ಆರ್‌ನಷ್ಟೇ ದೊಡ್ಡ ಎಪಿಎಸ್-ಸಿ ಸೆನ್ಸರ್. ಹತ್ತಿರ ಹೋಗಬೇಕು ಅಂದರೆ ನೀವೇ ನಡೆಯಬೇಕು.

ನೀವು ಬರೆದದ್ದನ್ನು ಮೂರು ಸಲ ಓದಿದೆ. ಲೆನ್ಸ್ ಅನ್ನುವ ಪದವೇ ಅದರಲ್ಲಿ ಇಲ್ಲ. ಮಗಳು, ಪ್ರವಾಸ, ಸಂಜೆ ಇವೆ. ಹಾಗಾಗಿ ಒಂದು ಇಂಚಿನ ಸೆನ್ಸರ್ ಇರುವ, ಎಫ್ 1.8ರಿಂದ ಶುರುವಾಗುವ ಕಾಂಪ್ಯಾಕ್ಟ್ ತಗೊಳ್ಳಿ ಅಂತಲೇ ನಾನು ಹೇಳುವುದು. ಫೋಕಸ್ ಸುಧಾರಿಸಿದ ಮಾಡೆಲ್ ಆಗಿರಲಿ. ಜೇಬಿನಲ್ಲಿ ಇರುವ ಕ್ಯಾಮೆರಾ ಆಟದ ಮೈದಾನಕ್ಕೂ ಬರುತ್ತದೆ, ಕಪಾಟಿನಲ್ಲಿ ಇರುವುದು ಹುಟ್ಟುಹಬ್ಬಕ್ಕೆ ಮಾತ್ರ. ಐದು ವರ್ಷದ ಮಗು ಆರು ತಿಂಗಳಲ್ಲಿ ಬೇರೆಯೇ ಮಗು ಆಗಿರುತ್ತದೆ. ಒಂದು ವರ್ಷ ಆದ ಮೇಲೆ, ಇದರಲ್ಲಿ ಇದು ಆಗುತ್ತಿಲ್ಲ ಅಂತ ನಿಮಗೇ ಗೊತ್ತಾದರೆ ಆಗ ಬರೆಯಿರಿ. ಆ ಹೊತ್ತಿಗೆ ಯಾವ ಲೆನ್ಸ್ ಬೇಕು ಅಂತಲೂ ನಿಮಗೆ ಗೊತ್ತಿರುತ್ತದೆ.

ಪ್ರಶ್ನೆ: 24 ಮೆಗಾಪಿಕ್ಸೆಲ್ ಸಾಕಾ, 45 ಬೇಕಾ?

ಉತ್ತರ: 8×12 ಇಂಚಿನ ಪ್ರಿಂಟಿಗೆ, ಇಂಚಿಗೆ 300 ಚುಕ್ಕೆ ಲೆಕ್ಕ ಹಾಕಿದರೂ, 9 ಮೆಗಾಪಿಕ್ಸೆಲ್ ತುಂಬುವುದಿಲ್ಲ. ಈ ಪ್ರಶ್ನೆಯನ್ನು ಇನ್ನು ಕಳಿಸಬೇಡಿ.

ಪ್ರಶ್ನೆ: ಲೆನ್ಸಿನ ಮುಂದೆ ತಿರುಪಿ ಹಾಕುವ ವೈಡ್, ಟೆಲಿ ಗಾಜುಗಳ ಸೆಟ್ಟನ್ನು ಕ್ಯಾಮೆರಾ ಜೊತೆ ಫ್ರೀ ಕೊಡುತ್ತಿದ್ದಾರೆ. ಉಪಯೋಗ ಇದೆಯಾ?

ಉತ್ತರ: ಇಲ್ಲ. ಒಳ್ಳೆಯ ಲೆನ್ಸಿನ ಮುಂದೆ ಕೆಟ್ಟ ಗಾಜು ಇಟ್ಟರೆ ಬರುವುದು ಕೆಟ್ಟ ಫೋಟೊ.

ಪ್ರಶ್ನೆ: ಡಿಎಸ್‌ಎಲ್‌ಆರ್ ಕಾಲ ಮುಗಿಯಿತು ಅಂತಾರಲ್ಲ, ನಿಜವಾ?

ಉತ್ತರ: ಹೊಸ ಮಾಡೆಲ್ ಬರುವ ಕಾಲ ಮುಗಿಯುತ್ತಿದೆ. ಕ್ಯಾನನ್ 1ಡಿ ಎಕ್ಸ್ ಮಾರ್ಕ್ 3, ನಿಕಾನ್ ಡಿ6 ಎರಡೂ 2020ರವು, ಆಮೇಲೆ ಇಬ್ಬರೂ ತಮ್ಮ ಶಕ್ತಿಯನ್ನೆಲ್ಲ ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್‌ಗೆ ಹಾಕಿದ್ದಾರೆ. ಅಷ್ಟಕ್ಕೆ ನಿಮ್ಮ ಕೈಯಲ್ಲಿರುವ ಕ್ಯಾಮೆರಾ ನಿನ್ನೆಗಿಂತ ಕೆಟ್ಟ ಫೋಟೊ ತೆಗೆಯಲು ಶುರು ಮಾಡಲ್ಲ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಬರೀ ಶಟರ್ ಕೌಂಟ್ ಕೇಳಿ ಸುಮ್ಮನಾಗಬೇಡಿ. ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಒಳಗೆ ಜೇಡರ ಬಲೆಯ ಹಾಗೆ ಎಳೆ ಕಂಡರೆ ಅದು ಫಂಗಸ್. ಎಷ್ಟೇ ಕಡಿಮೆಗೆ ಕೊಡುತ್ತೇನೆ ಅಂದರೂ ವಾಪಸ್ ಕೊಟ್ಟು ಬನ್ನಿ.

ಪ್ರಶ್ನೆ: ಫಂಗಸ್ ಬಂದ ಲೆನ್ಸನ್ನು ನಾಲ್ಕು ದಿನ ಬಿಸಿಲಿಗಿಟ್ಟರೆ ಹೋಗುತ್ತದೆ ಅಂತ ಒಂದು ವಿಡಿಯೊದಲ್ಲಿ ಹೇಳಿದ್ದಾರೆ. ಕಾಂಪ್ಯಾಕ್ಟ್ ಒಳಗಿನ ದೂಳನ್ನು ವ್ಯಾಕ್ಯೂಮ್ ಕ್ಲೀನರ್ ಹಿಡಿದು ಎಳೆಯಬಹುದು ಅಂತಲೂ ಇದೆ. ಮಾಡಬಹುದಾ?

ಉತ್ತರ: ದಯವಿಟ್ಟು ಎರಡನ್ನೂ ಮಾಡಬೇಡಿ. ಇಂಥ ವೈದ್ಯ ಹೇಳುವವರಿಗೆ ಕ್ಯಾಮೆರಾ ಬಿಚ್ಚಿ ಅಭ್ಯಾಸ ಇಲ್ಲ. ಬಿಸಿಲಿಗೆ ಫಂಗಸ್ ಸತ್ತರೂ ಗಾಜಿನ ಲೇಪ ತಿಂದ ಗುರುತು ಹಾಗೇ ಇರುತ್ತದೆ. ಬಿಸಿಗೆ ಒಳಗಿನ ಗ್ರೀಸ್ ಕರಗಿ ಅಪರ್ಚರ್ ಎಲೆಗಳ ಮೇಲೆ ಹರಿದರೆ ಅವು ಅಂಟಿಕೊಳ್ಳುತ್ತವೆ. ಲೆನ್ಸ್ ಅಂದರೆ ಭೂತಗನ್ನಡಿಯೂ ಹೌದು, ಬಿಸಿಲಲ್ಲಿ ಬಿಟ್ಟು ಹೋದರೆ ಪಕ್ಕದ ಬಟ್ಟೆ ಸುಟ್ಟೀತು. ಇನ್ನು ವ್ಯಾಕ್ಯೂಮ್ ಕ್ಲೀನರ್. ಕಾಂಪ್ಯಾಕ್ಟಿನ ಲೆನ್ಸ್ ಕೊಳವೆಗಳು ಒಂದರೊಳಗೊಂದು ಕೂರುವುದು ಪುಟ್ಟ ಪ್ಲಾಸ್ಟಿಕ್ ಗೂಟಗಳ ಮೇಲೆ. ಎಳೆದರೆ ಗೂಟ ತೋಡಿನಿಂದ ಜಾರುತ್ತದೆ, ಲೆನ್ಸ್ ಓರೆಯಾಗುತ್ತದೆ, ಫೋಟೊದ ಒಂದು ಬದಿ ಮಾತ್ರ ಮಬ್ಬು ಬರುತ್ತದೆ. ಡಿಎಸ್‌ಎಲ್‌ಆರ್ ಆದರೆ ಸೆನ್ಸರ್ ನಮ್ಮ ಕೈಗೆ ಸಿಗುತ್ತದೆ, ರಬ್ಬರ್ ಬ್ಲೋವರ್‌ನಿಂದ ಊದಬಹುದು. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಕಾಂಪ್ಯಾಕ್ಟ್ ಆದರೆ ರಿಪೇರಿಯವರಿಗೇ ಕೊಡಬೇಕು. ಕಾಂಪ್ಯಾಕ್ಟ್ ತಗೊಳ್ಳಿ ಅಂತ ಹೇಳುವಾಗ ಇದನ್ನೂ ಹೇಳುವುದು ನನ್ನ ಕರ್ತವ್ಯ.

ಪ್ರಶ್ನೆ: ಸಮುದ್ರದ ದಡದಲ್ಲಿ ಕಾಂಪ್ಯಾಕ್ಟ್ ಬಿತ್ತು. ಆನ್ ಮಾಡಿದರೆ ಕರಕರ ಅನ್ನುತ್ತದೆ, ಲೆನ್ಸ್ ಅರ್ಧ ಬಂದು ನಿಲ್ಲುತ್ತದೆ. ಏನು ಮಾಡಲಿ?

ಉತ್ತರ: ಇದನ್ನು ಓದುತ್ತಿರುವಾಗಲೇ ಬ್ಯಾಟರಿ ತೆಗೆಯಿರಿ. ನನ್ನದೂ ಒಂದು ಹೀಗೇ ಹೋಯಿತು. ರಿಪೇರಿ ಕೆಲಸ ಕಲಿಯುವ ಮುಂಚಿನ ಮಾತು. ಈ ಸಲ ಸರಿಹೋಗಬಹುದು, ಈ ಸಲ ಸರಿಹೋಗಬಹುದು ಅಂತ ಹತ್ತು ಸಲ ಆನ್ ಆಫ್ ಮಾಡಿದೆ. ಒಂದೊಂದು ಸಲಕ್ಕೂ ಮರಳು ಇನ್ನೊಂದು ಹಲ್ಲು ತಿಂದಿತು. ಆಮೇಲೆ ಬಿಚ್ಚಿ ನೋಡಿದಾಗ ಮೋಟಾರಿನ ಪುಟ್ಟ ಚಕ್ರದ ಹಲ್ಲುಗಳು ಬೋಳಾಗಿದ್ದವು, ಕೊಳವೆಯ ತೋಡಿನಲ್ಲಿ ಮೂರೇ ಮೂರು ಕಾಳು ಮರಳಿತ್ತು. ಲೆನ್ಸನ್ನು ಕೈಯಿಂದ ಒಳಗೆ ತಳ್ಳಬೇಡಿ, ಹೊರಗೆ ಎಳೆಯಬೇಡಿ, ನೀರು ತಾಗಿಸಬೇಡಿ. ಅರ್ಧ ನಿಂತಿದ್ದರೆ ಅರ್ಧವೇ ಇರಲಿ. ಮುಖ ಕೆಳಗೆ ಮಾಡಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಹಾಗೇ ರಿಪೇರಿಗೆ ಕೊಡಿ. ಮರಳಲ್ಲಿ ಬಿದ್ದದ್ದು ಅಂತ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಅವರೂ ಮೊದಲು ಆನ್ ಮಾಡಿಯೇ ನೋಡುತ್ತಾರೆ.